ಮೂಗು ಮುಚ್ಚಿಕೊಳ್ಳದ ಹುಡುಗಿ

"ಹತ್ತಿರ ಬರಬೇಡಿ!"

ತಾರಸಿಯ ಬಾಗಿಲು ದಾಟಿ ಒಂದೇ ಒಂದು ಹೆಜ್ಜೆ ಇಟ್ಟಿದ್ದಳು ಅವಳು. ಆ ಕೂಗಿಗೆ ಕಾಲು ಅಲ್ಲೇ ನಿಂತುಬಿಟ್ಟಿತು.

ಪಕ್ಕದ ಕಟ್ಟಡದಲ್ಲಿ ಹೊಸದಾಗಿ ಪಾಲಿಶ್ ಅಂಗಡಿ ತೆರೆದವಳು ಅವಳು. ಹಳೆಯ ಕುರ್ಚಿ, ಮೇಜು, ಕಪಾಟುಗಳ ಗೀರು ಮರೆಸಿ ಹೊಳಪು ಕೊಡುವುದು ಅವಳ ಕೆಲಸ. ಒಂದು ಏಣಿ ಕೇಳಿ ಒಯ್ಯೋಣವೆಂದು ಮೆಟ್ಟಿಲು ಹತ್ತಿ ಬಂದರೆ... ಇಂಥ ಸ್ವಾಗತ!

"ಏಣಿ ಕೇಳೋಕೆ ಬಂದಿದೀನಿ ಸ್ವಾಮಿ, ಕಳ್ಳತನಕ್ಕಲ್ಲ!"

"ಅಯ್ಯೋ, ಅದಕ್ಕಲ್ಲಾರೀ... ವಾಸನೆ! ಕೊಳೆತ ಮೊಟ್ಟೆ ಥರ ಬರ್ತಿದೆಯಲ್ಲ. ನೀವು ಅಲ್ಲೇ ಇರಿ, ಏಣಿ ನಾನೇ ತಂದುಕೊಡ್ತೀನಿ."

ಕೈಗವಸು ತೊಟ್ಟು, ಪುಟ್ಟ ಬ್ರಶ್ ಹಿಡಿದಿದ್ದ ಆ ಯುವಕ ಗಡಿಬಿಡಿಯಿಂದ ಎದ್ದ. ಆದರೆ ಅವಳು ಕೇಳಿಸಿಕೊಂಡರೆ ತಾನೇ? ಅವಳ ಕಣ್ಣು ಆಗಲೇ ಅವನ ಮುಂದಿದ್ದ ಪುಟ್ಟ ಮರದ ಮೇಲೆ ಬಿದ್ದಿತ್ತು. ಸೀದಾ ಹೋಗಿ ಅದರ ಎದುರು ಮಂಡಿಯೂರಿ ಕುಳಿತೇಬಿಟ್ಟಳು.

ಚಪ್ಪಟೆ ಕುಂಡದಲ್ಲಿ ಬೋನ್ಸಾಯ್ ಮಾಡಿ ಕುಬ್ಜವಾಗಿ ಬೆಳೆಸಿದ ಜೂನಿಪರ್ ಮರ. ಎತ್ತರ ಒಂದು ಮೊಳವಾದರೂ ಇತ್ತೋ ಇಲ್ಲವೋ! ಆದರೆ ಎಂಥ ಗತ್ತು! ಕಾಂಡ ತಿರುಚಿಕೊಂಡು ಮೇಲೇರಿತ್ತು. ಅದರ ಬಹುಪಾಲು ತೊಗಟೆಯೇ ಇಲ್ಲದೆ ಬೆಳ್ಳಗೆ, ಮೂಳೆಯ ಹಾಗೆ. ತುದಿಯಲ್ಲಿ ಒಂದು ಒಣ ಕೊಂಬೆ ಆಕಾಶಕ್ಕೆ ಚುಚ್ಚಿಕೊಂಡಿತ್ತು. ಪಕ್ಕದಲ್ಲೇ ಹಚ್ಚ ಹಸಿರು ಎಲೆಗಳ ಗುಂಪು.

"ಇದು... ಸತ್ತುಹೋಗಿದೆಯಾ?"

"ಮುಕ್ಕಾಲು ಪಾಲು."

"ಮತ್ತೆ ಈ ಎಲೆ?"

ಅವನು ಬ್ರಶ್ಶಿನ ಹಿಡಿಯಿಂದ ಕಾಂಡದ ಮೇಲೊಂದು ಗೆರೆ ತೋರಿಸಿದ. "ಈ ಕಂದು ಪಟ್ಟಿ ನೋಡಿ, ಬೆರಳಗಲ. ಇಡೀ ಮರದ ಜೀವ ಇದರೊಳಗೇ ಹರೀತಿದೆ. ಉಳಿದದ್ದೆಲ್ಲ ಯಾವತ್ತೋ ಸತ್ತ ಕಟ್ಟಿಗೆ. ಅದು ಕೊಳೀಬಾರ್ದು ಅಂತ ಸುಣ್ಣ, ಗಂಧಕ ಕುದಿಸಿದ ನೀರು ಹಚ್ತೀನಿ. ಬಿಸಿಲಿಗೆ ಒಣಗಿ ಬೆಳ್ಳಗಾಗುತ್ತೆ, ಗಟ್ಟಿಯಾಗಿ ನಿಲ್ಲುತ್ತೆ."

"ಇಷ್ಟೆಲ್ಲಾ ಯಾಕೆ? ಸತ್ತಿದ್ದನ್ನ ಕತ್ತರಿಸಿ ಬಿಸಾಕಿದ್ರೆ ಆಗಲ್ವಾ?"

"ಬಿಸಾಕಿದ್ರೆ, ಈ ಮರ ಏನೇನು ಅನುಭವಿಸಿ ಬಂದಿದೆ ಅಂತ ಹೇಳೋರು ಯಾರು?"

ಅವಳು ತಲೆಯೆತ್ತಿ ನೋಡಿದಳು. ಇಷ್ಟು ವರ್ಷ ಗೀರು ಮುಚ್ಚುವುದನ್ನೇ ಕಸುಬು ಮಾಡಿಕೊಂಡವಳಿಗೆ, ಗೀರನ್ನೇ ಜೋಪಾನ ಮಾಡುವ ಮನುಷ್ಯ ಮೊದಲ ಸಲ ಸಿಕ್ಕಿದ್ದ. ಎದೆಯೊಳಗೆ ಏನೋ ಒಂದು ಹಿತವಾಗಿ ಅಲುಗಾಡಿತು.

ಅವನಿಗೂ ಅಲುಗಾಡಿತ್ತು! ಆದರೆ ಕಾರಣ ಬೇರೆ. ಅವನು ಬ್ರಶ್ ಕೈಗೆತ್ತಿಕೊಂಡರೆ ಬೀದಿಯ ಕಿಟಕಿಗಳೆಲ್ಲ ದಡದಡ ಮುಚ್ಚಿಕೊಳ್ಳುತ್ತಿದ್ದವು. ಜನ ಅವನನ್ನು ಕರೆಯುತ್ತಿದ್ದುದೇ 'ಗಂಧಕ' ಎಂದು. ಪರಿಚಯವಾದ ಹುಡುಗಿಯರು ಒಂದು ಸಲ ತಾರಸಿಗೆ ಬಂದವರು ಎರಡನೇ ಸಲ ಫೋನೂ ಎತ್ತುತ್ತಿರಲಿಲ್ಲ. ಇವಳು ಮಾತ್ರ ಗಂಧಕದ ನೀರಿನ ಬಟ್ಟಲಿನ ಪಕ್ಕದಲ್ಲೇ ಕೂತಿದ್ದಾಳೆ. ಮೂಗು ಮುಚ್ಚಿಲ್ಲ. ಮುಖ ಸಿಂಡರಿಸಿಲ್ಲ!

'ದೇವರೇ... ಎಂಥ ಹುಡುಗಿ ಇವಳು!' ಅಂದುಕೊಂಡ ಅವನು.

ಪಾಪ, ಅವನಿಗೇನು ಗೊತ್ತು? ಅವಳಿಗೆ ಯಾವ ವಾಸನೆಯೂ ಬಂದೇ ಇರಲಿಲ್ಲ.

ಎರಡು ವರ್ಷದ ಹಿಂದೆ ಬಂದ ಕೆಟ್ಟ ಜ್ವರವೊಂದು ಹೋಗುವಾಗ ಅವಳ ಮೂಗಿನ ಶಕ್ತಿಯನ್ನೂ ಕಟ್ಟಿಕೊಂಡು ಹೋಗಿತ್ತು. ಹೂವು, ಹೊಗೆ, ಅರಗಿನ ಪಾಲಿಶ್... ಎಲ್ಲವೂ ಒಂದೇ, ಏನೂ ಇಲ್ಲ. ವಿಷಯ ಗೊತ್ತಿದ್ದುದು ಚಿಕ್ಕಮ್ಮನಿಗೆ ಮಾತ್ರ. ಮರದ ಜಾತಿಯನ್ನು ಮೂಸಿಯೇ ಹೇಳುವ ಕಸುಬು ಇದು. ಮೂಗು ಸತ್ತಿದೆ ಎಂದು ಗೊತ್ತಾದರೆ ಗಿರಾಕಿಗಳು ಬರುತ್ತಾರೆಯೇ? ಅದಕ್ಕೇ ಬಾಯಿ ಹೊಲಿದುಕೊಂಡಿದ್ದಳು.

ಆ ದಿನ ಏಣಿ ಒಯ್ಯುವುದನ್ನೇ ಮರೆತು ಬಂದಿದ್ದಳು. ಮಾರನೆಯ ದಿನ ಹೋದಳು. ಆಮೇಲೆ ಹೋಗಲು ಏಣಿಯ ನೆಪವೂ ಬೇಕಾಗಲಿಲ್ಲ.

ಅವನು ಕೆಲಸ ಮಾಡುವುದನ್ನು ನೋಡುವುದೇ ಒಂದು ಸೊಗಸು. ಮೊದಲು ಹಲ್ಲುಜ್ಜುವ ಮೆತ್ತನೆ ಬ್ರಶ್ಶಿನಲ್ಲಿ ಒಣ ಭಾಗದ ಪಾಚಿ ತೆಗೆಯುತ್ತಿದ್ದ. ಒಂದು ಹನಿ ದ್ರಾವಣವೂ ಬೇರಿಗೆ ಇಳಿಯದಂತೆ ಕುಂಡದ ಮಣ್ಣಿಗೆ ಹಾಳೆ ಹೊದಿಸುತ್ತಿದ್ದ. ಆಮೇಲೆ ಕಟ್ಟಿಗೆಯನ್ನು ಸ್ವಲ್ಪ ಒದ್ದೆ ಮಾಡಿ, ಉಸಿರು ಬಿಗಿಹಿಡಿದು, ಜೀವದ ಪಟ್ಟಿಯ ಅಂಚಿನವರೆಗೂ ಬ್ರಶ್ ತಂದು ಕೂದಲೆಳೆಯಷ್ಟು ದೂರದಲ್ಲಿ ನಿಲ್ಲಿಸುತ್ತಿದ್ದ. ಅವಳ ಉಸಿರೂ ಅಲ್ಲೇ ನಿಲ್ಲುತ್ತಿತ್ತು.

'ಸತ್ತ ಕಟ್ಟಿಗೆಯನ್ನೇ ಇಷ್ಟು ನಾಜೂಕಾಗಿ ನೋಡಿಕೊಳ್ಳುವವನು, ಬದುಕಿರೋರನ್ನ ಹೇಗೆ ನೋಡಿಕೊಳ್ಳಬಹುದು!' ಎಂದುಕೊಂಡು ಒಬ್ಬಳೇ ನಾಚಿಕೊಳ್ಳುತ್ತಿದ್ದಳು.

"ನಿಮ್ಮನ್ನ ಗಂಧಕ ಅಂತ ಕರೀತಾರಂತೆ, ಬೇಜಾರಿಲ್ವಾ?" ಎಂದು ಒಮ್ಮೆ ಕೇಳಿದಳು.

"ಅಭ್ಯಾಸ ಆಗೋಯ್ತು."

"ಬಿಡಿ, ಗಂಧಕ ಅನ್ನೋದ್ರಲ್ಲೇ ಗಂಧ ಇದೆಯಲ್ಲ!"

ಅವನು ನಕ್ಕುಬಿಟ್ಟ. ಆದರೆ ನಗುತ್ತಲೇ ಎರಡು ಹೆಜ್ಜೆ ಹಿಂದೆ ಸರಿದ. ಅವನ ಆ ಚಾಳಿ ಮಾತ್ರ ಅವಳಿಗೆ ಅರ್ಥವಾಗುತ್ತಿರಲಿಲ್ಲ. ಅವಳು ಹತ್ತಿರ ಹೋದಷ್ಟೂ ಅವನು ದೂರ!

"ಚಿಕ್ಕಮ್ಮಾ, ಅವರಿಗೆ ನಾನಂದ್ರೆ ಇಷ್ಟ ಇಲ್ಲ ಅನ್ಸುತ್ತೆ," ಎಂದು ಮುಖ ಇಳಿಬಿಟ್ಟುಕೊಂಡು ಬಂದಳು.

"ಇಷ್ಟ ಇಲ್ದೋನು ದಿನಾ ನಿನಗೆ ಅಂತ ಸ್ಟೂಲ್ ಒರೆಸಿ ಇಡ್ತಾನಾ? ನಿನ್ನ ಮೂಗಿನ ಜೊತೆ ಬುದ್ಧೀನೂ ಹೋಯ್ತಾ?" ಎಂದಳು ಚಿಕ್ಕಮ್ಮ.

ಆ ಜೂನಿಪರ್ ಅವನ ತಾಯಿ ಬೆಳೆಸಿದ ಮರ. ತಾಯಿ ತೀರಿಕೊಂಡ ಮೇಲೆ ಅವನಿಗೆ ಉಳಿದ ಬಂಧು ಅದೊಂದೇ. ಬುಡದ ಹತ್ತಿರ ಒಣ ಭಾಗ ಮೆತ್ತಗಾಗತೊಡಗಿತ್ತು. ಆ ಬಿಸಿಲುಗಾಲದಲ್ಲೇ ಅದನ್ನು ಗಟ್ಟಿ ಮಾಡದಿದ್ದರೆ ಕೊಳೆತ ಒಳಗೊಳಗೇ ಹಬ್ಬುತ್ತಿತ್ತು. ಒಳ್ಳೆಯ ಬಿಸಿಲಿದ್ದ ಒಂದು ಬೆಳಗ್ಗೆ ಅವನು ಆ ಕೆಲಸಕ್ಕೆ ಕೂತ. ಮರವನ್ನು ನಿಲ್ಲಿಸುವ ಪೀಠಕ್ಕೆ ಹೊಳಪು ಕೊಡುತ್ತೇನೆಂದು ಅವಳೂ ಅರಗಿನ ಪಾಲಿಶ್ ಹಿಡಿದು ಬಂದಳು.

ಒಂದೇ ಬೆಂಚು. ಒಂದೇ ಥರದ ಎರಡು ಗಾಜಿನ ಬಟ್ಟಲು. ಒಂದರಲ್ಲಿ ಅವನ ದ್ರಾವಣ, ಇನ್ನೊಂದರಲ್ಲಿ ಅವಳ ಪಾಲಿಶ್. ಎರಡೂ ಕಿತ್ತಳೆಗಂದು, ಎರಡೂ ನೀರಿನಷ್ಟು ತೆಳು.

ಕಟ್ಟಿಗೆ ಒದ್ದೆ ಮಾಡುತ್ತಿದ್ದವನು ಇದ್ದಕ್ಕಿದ್ದಂತೆ ಕೈ ನಿಲ್ಲಿಸಿದ.

"ನಿಮಗೆ ಒಂದು ಮಾತು ಹೇಳ್ಬೇಕು. ಬಹಳ ದಿನದಿಂದ ಗಂಟಲಲ್ಲೇ ಇದೆ."

ಅವಳ ಎದೆ ಡವಡವ ಹೊಡೆದುಕೊಂಡಿತು. 'ಹೇಳು... ಹೇಳಿಬಿಡು!'

"ಈ ನಾತ ನನಗೇ ಎಷ್ಟೋ ಸಲ ತಡೆಯೋಕಾಗಲ್ಲ. ನೀವು ಒಂದಿನ ಕೂಡ ಮೂಗು ಮುಚ್ಕೊಳ್ಳಲಿಲ್ಲ. ನನಗೋಸ್ಕರ ಇಷ್ಟು ಸಹಿಸ್ಕೊಂಡೋರು ಅಮ್ಮನ ನಂತರ ನೀವೊಬ್ಬರೇ. ಅದಕ್ಕೇ ನನಗೆ ನೀವಂದ್ರೆ..."

ಕೆಳಗೆ ಕರೆಗಂಟೆ ಮೊಳಗಿತು. ಅವನು ತರಿಸಿದ್ದ ಹೊಸ ಕುಂಡಗಳನ್ನು ತಂದವರು!

"ಅಯ್ಯೋ, ಈಗಲೇ ಬರಬೇಕಿತ್ತಾ ಇವರು! ಕಟ್ಟಿಗೆ ಒದ್ದೆ ಇದೆ, ಆರೋದರೊಳಗೆ ಬುಡಕ್ಕೆ ಒಂದು ಕೈ ಹಚ್ಚಿಬಿಡ್ತೀರಾ? ನಿಮ್ಮ ಕೈ ಮೇಲೆ ನನಗೆ ನಂಬಿಕೆ ಇದೆ," ಎಂದು ಓಡಿದ.

ಅವಳು ಅವನ ಬ್ರಶ್ ಕೈಗೆತ್ತಿಕೊಂಡಳು. ಎಷ್ಟೋ ದಿನದಿಂದ ಕಾದ ಮಾತು ಕೊನೆಗೂ ಬಂದಿತ್ತು. ಆದರೆ ಅದು ಅವಳಿಗೆ ಸೇರಿದ್ದಲ್ಲ! 'ನಾನು ಏನು ಸಹಿಸಿದೆ? ಏನೂ ಇಲ್ಲ! ನಿಜ ಗೊತ್ತಾದ ದಿನ ಈ ಪ್ರೀತಿಯಲ್ಲಿ ಏನು ಉಳಿಯುತ್ತೆ?' ಕಣ್ಣು ತುಂಬಿ ಬಂತು. ಮಂಜಾದ ಕಣ್ಣಲ್ಲೇ ಬ್ರಶ್ ಅದ್ದಿ, ಬುಡಕ್ಕೆ ಹಚ್ಚತೊಡಗಿದಳು.

ಸ್ವಲ್ಪ ಹೊತ್ತಿಗೇ ಕಟ್ಟಿಗೆ ಬೆಳ್ಳಗಾಗುತ್ತಾ ಬಂತು. 'ಅಬ್ಬ, ಕೆಲಸವಾದರೂ ಸರಿಯಾಯಿತು,' ಅಂದುಕೊಂಡಳು.

ವಾಪಸು ಬಂದವನು ಬಾಗಿಲಲ್ಲೇ ನಿಂತ.

"ಇಷ್ಟು ಬೇಗ ಹೇಗೆ ಬೆಳ್ಳಗಾಯ್ತು? ಮೊದಲು ಹಳದಿ ಆಗ್ಬೇಕಲ್ಲ..." ಬಗ್ಗಿ ನೋಡಿದ. "ಹೊಳೀತಿದೆ! ಇದು... ಇದು ನಿಮ್ಮ ಪಾಲಿಶ್!"

ಅವಳ ಕೈಯಿಂದ ಬ್ರಶ್ ಜಾರಿತು. ಹೌದು! ಒದ್ದೆ ಕಟ್ಟಿಗೆಗೆ ಅರಗು ಹಚ್ಚಿದರೆ ಹಾಲಿನಂತೆ ಬೆಳ್ಳಗೆ ಮಂಕಾಗುತ್ತದೆಂದು ಅವಳಿಗಿಂತ ಚೆನ್ನಾಗಿ ಗೊತ್ತಿದ್ದವರು ಯಾರು? ಒಳಗಿನ ತೇವವನ್ನೆಲ್ಲ ಒಳಗೇ ಕೂಡಿಹಾಕಿ, ಆ ಮರ ಕೊಳೆಯಲು ತಾನೇ ದಾರಿ ಮಾಡಿಕೊಟ್ಟಿದ್ದಳು.

"ಬಟ್ಟಲು ಮೂಗಿನ ಕೆಳಗೇ ಇತ್ತಲ್ರೀ! ವಾಸನೆ ಗೊತ್ತಾಗ್ಲಿಲ್ವಾ?"

ಸುಳ್ಳು ಹೇಳಬಹುದಿತ್ತು. ಹೇಳಲಾಗಲಿಲ್ಲ.

"ಇಲ್ಲ. ನನಗೆ ಯಾವ ವಾಸನೇನೂ ಗೊತ್ತಾಗಲ್ಲ. ಜ್ವರ ಬಂದು ಹೋಯ್ತು. ನೀವು ಅಂದ್ಕೊಂಡ ಹಾಗೆ ನಾನು ನಿಮಗೋಸ್ಕರ ಏನೂ ಸಹಿಸ್ಕೊಂಡಿಲ್ಲ... ಏನೂ!"

ಅವನು ಸ್ಟೂಲಿನ ಮೇಲೆ ಕುಸಿದು ಕೂತು ಮರವನ್ನೇ ನೋಡತೊಡಗಿದ.

ಆ ಮೌನ ಅವಳಿಗೆ ಸಾಕಾಯಿತು. ಬಿದ್ದಂಬೀಳ ಮೆಟ್ಟಿಲಿಳಿದು ಮನೆ ಸೇರಿ, ಚಿಕ್ಕಮ್ಮನ ಹೆಗಲಿಗೆ ಒರಗಿ ಅತ್ತಳು. ಅಳುತ್ತಲೇ ಎಲ್ಲವನ್ನೂ ಹೇಳಿದಳು.

ಚಿಕ್ಕಮ್ಮ ಬೆನ್ನು ಸವರಿದಳು. ಆಮೇಲೆ ಕೇಳಿದಳು, "ಎಲ್ಲಾ ಸರಿ. ಆ ಅರಗನ್ನ ಮರದಿಂದ ಯಾರು ತೆಗೀತಾರೆ?"

"ಅವರು ನನ್ನ ಮುಖ ನೋಡಲ್ಲ ಚಿಕ್ಕಮ್ಮ."

"ನೋಡದೇ ಇದ್ರೆ ಬೇಡ. ಅವನಿಗೆ ಗಂಧಕ ಹಚ್ಚೋಕೆ ಬರುತ್ತೆ, ಅರಗು ಬಿಡಿಸೋಕೆ ಬರುತ್ತಾ? ಅದು ನಿನ್ನ ಕಸುಬು ಕಣೇ. ಎದ್ದೇಳು!"

ಅವಳು ಎದ್ದಳು. ಮುಖ ತೊಳೆದು, ಸ್ಪಿರಿಟ್ಟು, ಹತ್ತಿ, ತೆಳ್ಳಗಿನ ಬ್ರಶ್ಶುಗಳನ್ನು ಚೀಲಕ್ಕೆ ತುಂಬಿಕೊಂಡು ಮತ್ತೆ ಅದೇ ಮೆಟ್ಟಿಲು ಹತ್ತಿದಳು. ಪ್ರೀತಿ ಹೋದರೆ ಹೋಗಲಿ, ಅವರಮ್ಮನ ಮರ ಹೋಗಬಾರದು!

ಅವಳು ಹೋದಾಗ ಹೇಗಿದ್ದನೋ ಅವನು ಹಾಗೇ ಕೂತಿದ್ದ. ಅವಳು ಅವನ ಮುಖ ನೋಡಲಿಲ್ಲ. ಜೀವದ ಪಟ್ಟಿಗೆ ಒದ್ದೆ ಬಟ್ಟೆ ಸುತ್ತಿದಳು. ಹತ್ತಿಯನ್ನು ಸ್ಪಿರಿಟ್ಟಿಗೆ ಅದ್ದಿ, ಹಿಂಡಿ, ಒಂದು ಹನಿಯೂ ಕೆಳಗಿಳಿಯದಂತೆ ಅರಗನ್ನು ಒತ್ತಿ ಒತ್ತಿ ಎತ್ತಿದಳು. ಮರದ ಎಳೆಯೊಂದನ್ನೂ ಉಜ್ಜಿ ಕೆಡಿಸಲಿಲ್ಲ. ಸಂದುಗಳಲ್ಲಿ ಕೂತದ್ದನ್ನು ಬ್ರಶ್ಶಿನ ತುದಿಯಿಂದ ಮೆಲ್ಲಗೆ ಎಬ್ಬಿಸಿ ತೆಗೆದಳು. ಬಿಸಿಲು ನೆಲದಿಂದ ಗೋಡೆಗೇರಿದರೂ ಅವಳ ಕೈ ನಡುಗಲಿಲ್ಲ.

ಈಗ ಉಸಿರು ಬಿಗಿಹಿಡಿದು ನೋಡುವ ಸರದಿ ಅವನದಾಗಿತ್ತು. ಆ ಬೆರಳುಗಳ ಮೇಲಿಂದ ಅವನು ಕಣ್ಣು ತೆಗೆಯಲೇ ಇಲ್ಲ.

ಕೊನೆಗೆ ಹೊಳಪೆಲ್ಲ ಹೋಗಿ, ಕಟ್ಟಿಗೆ ಮೊದಲಿನಂತೆ ಬರಿಮೈಯಾಗಿ ಉಸಿರಾಡಿತು.

"ಬೆಳಗ್ಗೆವರೆಗೂ ಆರೋಕೆ ಬಿಡಿ. ಆಮೇಲೆ ನಿಮ್ಮ ದ್ರಾವಣ ಹಚ್ಚಿ," ಎಂದು ಚೀಲ ಎತ್ತಿಕೊಂಡಳು. "ನಾನಿನ್ನು ಬರ್ತೀನಿ."

"ನಿಲ್ಲಿ. ನಾನು ಸುಮ್ಮನಾಗಿದ್ದು ಕೋಪಕ್ಕಲ್ಲ."

"ಮತ್ತೆ?"

"ನಾಚಿಕೆಗೆ! ನೀವು ಅಷ್ಟು ದೊಡ್ಡದನ್ನ ಕಳ್ಕೊಂಡು ಒಬ್ರೇ ನುಂಗಿಕೊಂಡಿದ್ರಿ. ನಾನು ನನ್ನ ನಾತದ್ದೇ ದೊಡ್ಡದು ಮಾಡ್ಕೊಂಡು ಕೂತಿದ್ದೆ. ಇವರು ಎಷ್ಟು ದಿನ ತಡ್ಕೋತಾರೆ, ಒಂದಿನ ಸಾಕಾಗುತ್ತೆ ಅಂತ ಹೆದರಿ ಹೆದರಿ ದೂರ ನಿಲ್ತಿದ್ದೆ. ಅಷ್ಟೂ ದಿನ ದಂಡ!"

ಅವಳಿಗೆ ನಗು ಉಕ್ಕಿತು. ಅಳುವೂ ಬಂತು. ಆದರೂ ಕೇಳದೆ ಇರಲಾಗಲಿಲ್ಲ.

"ನೀವು ಮೆಚ್ಚಿದ್ದು ಸಹಿಸ್ಕೊಳ್ಳೋ ಹುಡುಗೀನ. ಅವಳು ನಾನಲ್ಲವಲ್ಲ."

"ಮೂಗು ನೋಡಿ ಮೆಚ್ಚಿದ್ದು ಮೊದಲನೇ ದಿನ. ಆಮೇಲೆ ಒಂದ್ಸಲ ನಿಮ್ಮ ಕೈ ಜಾರಿ ಒಣ ಕೊಂಬೆಗೆ ಬ್ರಶ್ ತಾಗ್ತು. 'ನೋವಾಯ್ತಾ?' ಅಂತ ಅದನ್ನೇ ಕೇಳಿದ್ರಿ, ನಾನಿಲ್ಲ ಅಂದ್ಕೊಂಡು. ಸತ್ತ ಕೊಂಬೇನ! ಅವತ್ತೇ ನಾನು ಮುಗಿದುಹೋದೆ. ಅದಕ್ಕೇನು ಮೂಗು ಬೇಕಿತ್ತಾ?"

ಚೀಲ ಕೈಯಿಂದ ಮೆಲ್ಲನೆ ಕೆಳಗಿಳಿಯಿತು. ಅವನು ಎದ್ದು ಬಂದ. ಒಂದು ಹೆಜ್ಜೆ... ಇನ್ನೊಂದು ಹೆಜ್ಜೆ. ಇಷ್ಟು ಹತ್ತಿರ ಅವನು ಎಂದೂ ಬಂದಿರಲಿಲ್ಲ.

"ನಿಜ ಹೇಳಿ... ಈಗ ನನ್ನ ಹತ್ರ ಏನು ವಾಸನೆ ಬರ್ತಿದೆ?" ಎಂದು ಪಿಸುಗುಟ್ಟಿದಳು.

"ಸ್ಪಿರಿಟ್ಟು, ಅರಗು, ಬೆವರು. ತಲೆ ಧಿಮ್ಮಂತಿದೆ. ಕಣ್ಣಲ್ಲಿ ನೀರು ಬರ್ತಿದೆ."

"ಮತ್ತೆ ದೂರ ಹೋಗಿ!"

"ಉಹೂಂ. ಇಬ್ಬರಲ್ಲಿ ಒಬ್ಬರಾದ್ರೂ ಸಹಿಸ್ಕೋಬೇಕಲ್ಲ. ಅಭ್ಯಾಸ ಮಾಡ್ಕೋತಿದೀನಿ."

"ಎಷ್ಟು ದಿನ ಸಹಿಸ್ಕೋತೀರಾ?"

ಅವನು ಅವಳ ಹಣೆಗೆ ಹಣೆ ತಾಗಿಸಿದ.

"ಈ ಮೂಗು ಇರೋವರೆಗೂ."