ಇಂದಿನವರೆಗೆ ಒಂಟಿ

ಅಣೆಕಟ್ಟು ಕಟ್ಟುವ ಕಾಲದಲ್ಲಿ ಕಂಪನಿಯವರು ಚರ್ಚಿನಲ್ಲೋ ಕಚೇರಿಯಲ್ಲೋ ಮದುವೆಯಾದವರನ್ನು ಮಾತ್ರ ಸಂಸಾರವೆಂದು ಬರೆದುಕೊಂಡರು. ವಿಲಾ ಕಪಿತಾರಿ ಎಂಬ ಹೊಳೆದಂಡೆಯ ಊರಿನಲ್ಲಿ ಜುರಾಂದಿರ್ ಮತ್ತು ಲಿಂಡಾಲ್ವಾ ಒಂಬತ್ತು ವರ್ಷ ಒಂದೇ ಸೂರಿನಡಿ ಬಾಳಿದ್ದರು. ಅವರ ಬಳಿ ಕಾಗದ ಇರಲಿಲ್ಲ. ಅವನನ್ನು ಒಂಟಿ ಗಂಡಸೆಂದು ಬರೆದು ಮೇಲೆ ಹಿನ್ನೀರಿನ ದಂಡೆಯಲ್ಲಿ ಒಂದು ಕೋಣೆ ಕೊಟ್ಟರು. ಅವಳನ್ನು ಮದುವೆಯಾಗದ ಮಗಳೆಂದು ಬರೆದು ಅಪ್ಪನ ಜೊತೆ ಅಣೆಕಟ್ಟಿನ ಕೆಳಗಿನ ಕಾಲೊನಿಗೆ ಕಳಿಸಿದರು. ಒಂಟಿಯವರ ಕೋಣೆಯಲ್ಲಿ ಇನ್ನೊಬ್ಬರು ಇರುವಂತಿಲ್ಲ. ಬಿಟ್ಟುಹೋದರೆ ಕೋಣೆಯೂ ಇಲ್ಲ, ಹಿನ್ನೀರಿನಲ್ಲಿ ಮೀನು ಹಿಡಿಯುವ ಹಕ್ಕೂ ಇಲ್ಲ. ಆ ಮಳೆಗಾಲದಲ್ಲಿ ಊರು ಮುಳುಗಿತು.

ಅಂದಿನಿಂದ ಜುರಾಂದಿರ್ ತಿಂಗಳಿಗೊಮ್ಮೆ ಬಸ್ಸಿನಲ್ಲಿ ಕೆಳಗಿಳಿದು ಬರುತ್ತಿದ್ದ. ಕಾಡು ಸುತ್ತಿ ಬರುವ ಕೆಂಪು ಮಣ್ಣಿನ ರಸ್ತೆ. ಇಳಿಯುವಾಗ ಅವನ ಹುಬ್ಬು, ಮೀಸೆ, ಅಂಗಿ ಎಲ್ಲ ಇಟ್ಟಿಗೆಯ ಬಣ್ಣ.

ಆ ಶನಿವಾರವೂ ಹಾಗೇ ಬಂದು ನಿಂತ. ಲಿಂಡಾಲ್ವಾ ಅಡುಗೆಮನೆಯ ಬಾಗಿಲಿಗೆ ಒರಗಿ, ಸೊಂಟದ ಮೇಲೆ ಕೈಯಿಟ್ಟು, ಅವನನ್ನು ತಲೆಯಿಂದ ಕಾಲಿನವರೆಗೆ ನಿಧಾನವಾಗಿ ನೋಡಿದಳು. ಐವತ್ತು ದಾಟಿದ ಹೆಂಗಸು. ನೋಟ ಮಾತ್ರ ಹಳೆಯ ಊರಿನದೇ.

"ಬಂದ್ಯಾ ಮುದುಕಾ? ಬಸ್ಸಲ್ಲಿ ಬಂದ್ಯೋ, ಹಿಂದಿನಿಂದ ತಳ್ಕೊಂಡು ಬಂದ್ಯೋ?"

"ಅರ್ಧ ದಾರಿ ಬಸ್ಸು, ಅರ್ಧ ದಾರಿ ತಳ್ಳೋದು. ನಿನ್ನ ನೋಡೋಕೆ ಅಷ್ಟೂ ಮಾಡದಿದ್ರೆ ಹೇಗೆ?"

"ಮುಖ ತೊಳ್ಕೋ ಮೊದ್ಲು. ಇಟ್ಟಿಗೆ ಭಟ್ಟಿಯವನು ಮನೆಗೆ ಬಂದ ಅಂತಾರೆ ಜನ."

ಅವನು ಮುಖ ತೊಳೆದು ಬರುವಷ್ಟರಲ್ಲಿ ಕಾಫಿ ಮೇಜಿನ ಮೇಲಿತ್ತು, ಹುರಿದ ಮೀನು ಇತ್ತು, ಮರಗೆಣಸಿನ ಹಿಟ್ಟು ಇತ್ತು. ಅವಳೇ ಹುರಿದು ಪೇಟೆಗೆ ಕೊಡುವ, ಹಳದಿ ಬಣ್ಣದ, ತರಿತರಿ ಹಿಟ್ಟು. ಒಳಕೋಣೆಯಲ್ಲಿ ಅಪ್ಪನ ತೂಗುಮಂಚ ಈಗ ಇರಲಿಲ್ಲ. ಮುದುಕ ಹೋದ ವರ್ಷ ತೀರಿಕೊಂಡಿದ್ದ. ಮನೆ ತಮ್ಮನ ಹೆಸರಿಗೆ ಹೋಗಿತ್ತು. ತಮ್ಮನ ಹೆಂಡತಿ ದಿನಕ್ಕೊಮ್ಮೆ ಬಂದು ಕಿಟಕಿಗಳ ಅಳತೆ ನೋಡಿ ಹೋಗುತ್ತಿದ್ದಳು.

"ಆ ಮೇಡಂ ಬಂದಿದ್ರಾ ನಿನ್ನ ಹತ್ರ?" ಎಂದು ಜುರಾಂದಿರ್ ಕೇಳಿದ.

"ಕೇಯ್ಲಾ ಮೇಡಮ್ಮಾ? ಬಂದಿದ್ರು. ಟೋಪಿ ಕೊಟ್ಟು ಹೋದ್ರು." ಮೂಲೆಯಲ್ಲಿ ಕಂಪನಿಯ ಗುರುತಿದ್ದ ಟೋಪಿಯೊಳಗೆ ಕೋಳಿಯೊಂದು ಕಾವಿಗೆ ಕೂತಿತ್ತು.

ಕೇಯ್ಲಾ ಕಂಪನಿಯ ಸಮಾಜ ಕಲ್ಯಾಣ ವಿಭಾಗದ ಹುಡುಗಿ. ಅಣೆಕಟ್ಟಿಗೆ ಕೊನೆಗೂ ದೋಣಿದಾರಿ ಮಾಡಿದ್ದರು: ಮೇಲೊಂದು, ಕೆಳಗೊಂದು ಲಾಕ್, ನಡುವೆ ಕಾಲುವೆ. ಲಾಕ್ ಎಂದರೆ ಎರಡು ಕಬ್ಬಿಣದ ಬಾಗಿಲುಗಳ ನಡುವಿನ ಕಾಂಕ್ರೀಟು ತೊಟ್ಟಿ. ದೋಣಿ ಒಳಗೆ ಬಂದ ಮೇಲೆ ಬಾಗಿಲು ಮುಚ್ಚಿ ನೀರು ಇಳಿಸುತ್ತಾರೆ, ನೀರಿನ ಜೊತೆ ದೋಣಿಯೂ ಇಳಿಯುತ್ತದೆ. ಅದರ ಪ್ರಚಾರಕ್ಕೆ ಕಂಪನಿ ಸಾಮೂಹಿಕ ಮದುವೆ ಇಟ್ಟುಕೊಂಡಿತ್ತು. ಕಾಗದವಿಲ್ಲದೆ ಬಾಳಿದ ಜೋಡಿಗಳು ತಮ್ಮ ತಮ್ಮ ದೋಣಿಯಲ್ಲಿ ಹಿನ್ನೀರಿನಿಂದ ಹೊರಟು, ಕೆಳಗಿನ ತೊಟ್ಟಿಯಲ್ಲಿ ನ್ಯಾಯಾಧೀಶರ ಎದುರು ಮದುವೆಯಾಗಬೇಕು. ಬೆಲೆಮ್ ಪಟ್ಟಣದಿಂದ ಟಿವಿಯವರು ಬರುತ್ತಾರೆ. ಮದುವೆಯಾದವರಿಗೆ ಕಾಲೊನಿಯ ಹೊಸ ಸಾಲಿನಲ್ಲಿ ಜಂಟಿ ಹೆಸರಿನ ಮನೆ.

ಒಂದೇ ಷರತ್ತು. ಪ್ರತಿಯೊಬ್ಬರೂ ಮೈಕಿನಲ್ಲಿ ಒಂದು ಮಾತು ಹೇಳಬೇಕು: 'ಇಂದಿನವರೆಗೆ ನಾನು ಒಂಟಿ, ನನಗೆ ಸಂಸಾರ ಇರಲಿಲ್ಲ.'

"ಯಾಕಂತೆ ಅದು?" ಎಂದಳು ಲಿಂಡಾಲ್ವಾ. "ಆಗ ನಮಗೆ ಕೊಡಬೇಕಾಗಿದ್ದ ಮನೆಯ ಪರಿಹಾರಕ್ಕೆ ಈಗ ನಮ್ಮ ಬಾಯಿಂದಲೇ ಮಣ್ಣು ಮುಚ್ಚಿಸೋಕೆ. ಅಷ್ಟೂ ಗೊತ್ತಾಗಲ್ವಾ ನಂಗೆ?"

"ಗೊತ್ತಾಗುತ್ತೆ. ನಂಗೂ ಗೊತ್ತಾಗುತ್ತೆ."

"ನಾನು ಒಂಟಿ ಆಗಿದ್ರೆ ಕಪಿತಾರಿ ಮನೆ ಗೋಡೆಗೆ ಮಣ್ಣು ಮೆತ್ತಿದ್ದು ಯಾರು? ನೀನು ಮಲೇರಿಯಾ ಬಂದು ನಡುಗ್ತಾ ಮಲಗಿದ್ದಾಗ ಮೈಮೇಲೆ ಬಿದ್ದು ಹಿಡ್ಕೊಂಡಿದ್ದು ಯಾರು? ಪಕ್ಕದ ಮನೆಯವಳಾ?"

"ಪಕ್ಕದ ಮನೆಯವಳು ಇನ್ನೂ ಚೆನ್ನಾಗಿ ಹಿಡ್ಕೋತಿದ್ಲು."

ಅವಳು ಒದ್ದೆ ಬಟ್ಟೆ ಎಸೆದಳು. ಅದು ಅವನ ಹೆಗಲ ಮೇಲೆ ಬಿತ್ತು. ಅವನು ತೆಗೆಯದೆ ಹಾಗೇ ಕೂತ. ಮೆಲ್ಲಗೆ ಹೇಳಿದ: "ಲಿಂಡಾ, ಬೆಳಿಗ್ಗೆ ಎದ್ರೆ ಆ ಕೋಣೇಲಿ ಒಂದು ಲೋಟ, ಒಂದು ತಟ್ಟೆ. ಮಾತಾಡೋಕೆ ದೋಣಿ ಎಂಜಿನ್ ಬಿಟ್ರೆ ಇನ್ನೊಂದಿಲ್ಲ. ಒಂದು ಮಾತು ತಾನೆ? ಬಾಯಿಂದ ಬಂದು ಗಾಳಿಗೆ ಹೋಗುತ್ತೆ. ನಾನು ನಿನ್ನ ಪಕ್ಕ ಸಾಯಬೇಕು ಅಂತಿದೀನಿ, ಬಸ್ಸಲ್ಲಲ್ಲ."

ಅವಳು ಮೀನಿನ ತಟ್ಟೆ ಸರಿಸಿ, ಹಿಟ್ಟಿನ ಡಬ್ಬಿಯಿಂದ ಒಂದು ಹಿಡಿ ತೆಗೆದು ಮೇಜಿನ ಮೇಲೆ ಸುರಿದಳು. ಅಂಗೈಯಿಂದ ಹರಡಿ ಹಿನ್ನೀರು ಮಾಡಿದಳು. ಬೆರಳಿನಿಂದ ಎಳೆದು ಹಳೆಯ ಹೊಳೆಯ ಜಾಡು ಬಿಡಿಸಿದಳು.

"ಸರಿ, ನಿನಗೋಸ್ಕರ ಹೇಳ್ತೀನಿ. ದಾರಿ ತೋರ್ಸು."

ಜುರಾಂದಿರ್ ಕುರ್ಚಿ ಹತ್ತಿರ ಎಳೆದುಕೊಂಡ. ಮೀನಿನ ಮುಳ್ಳುಗಳನ್ನು ಒಂದೊಂದಾಗಿ ಹಿಟ್ಟಿನಲ್ಲಿ ನೆಟ್ಟ. ಕಡಿಯದೆ ಮುಳುಗಿಸಿದ ಕಾಡು. ಇಷ್ಟು ವರ್ಷದ ಮೇಲೂ ನೀರಿನಿಂದ ತಲೆಯೆತ್ತಿ ನಿಂತ ಒಣಮರಗಳು.

"ಬೆಳಗಾಗ್ತಿದ್ದ ಹಾಗೆ ಹೊರಡಬೇಕು. ಮಧ್ಯಾಹ್ನ ಆದ್ರೆ ಗಾಳಿ ಎದ್ದು ಅಲೆ ಹೊಡೆಯುತ್ತೆ. ಬಲದಂಡೆ ಹಿಡಿದು ಹೋದ್ರೆ ಮರ ಕಡಿಮೆ. ಲಾಕ್ ಹತ್ರ ಕಾಯಬೇಕು, ಸರಕು ಸಾಗಿಸೋ ಬಾರ್ಜ್ ಬಂದ್ರೆ ಅದಕ್ಕೇ ಮೊದಲು ದಾರಿ. ಹಗ್ಗ ಉದ್ದ ಬೇಕು, ಎರಡು."

"ಎಡಕ್ಕೆ ಹೋಗೋಣ."

"ಎಡಕ್ಕೆ ಬರೀ ಮರ."

"ಎಡಕ್ಕೆ ಕಪಿತಾರಿ." ಅವಳು ಒಂದು ಮುಳ್ಳನ್ನು ಕಿತ್ತು ಬೇರೆ ಕಡೆ ನೆಟ್ಟಳು. "ಇದು ನಮ್ಮ ಹಿತ್ತಲ ಬ್ರೆಜಿಲ್ ಕಾಯಿ ಮರ. ನೀನು ತಪ್ಪು ಜಾಗದಲ್ಲಿಟ್ಟಿದೀಯ."

ಅವನು ಅವಳ ಕೈ ಹಿಡಿಯಲು ಹೋದ. ಅವಳು ಹಿಟ್ಟು ಮೆತ್ತಿದ ಬೆರಳನ್ನು ಅವನ ಮೂಗಿನ ತುದಿಗೆ ಒತ್ತಿದಳು. ನಗಲಿಲ್ಲ. ಕಣ್ಣು ಮಾತ್ರ ಅಲ್ಲೇ ಇಟ್ಟಳು, ಅವನ ಕಿವಿ ಬಿಸಿಯಾಗುವವರೆಗೆ.

"ಎಡಕ್ಕೇ ಹೋಗೋಣ," ಎಂದ ಜುರಾಂದಿರ್.

*

ಮದುವೆಯ ದಿನ ಹಿನ್ನೀರು ಕನ್ನಡಿಯಂತೆ ಇತ್ತು. ಅವಳು ಹಿಂದಿನ ದಿನವೇ ಬಸ್ಸಿನಲ್ಲಿ ಮೇಲೆ ಬಂದು ಅವನ ನೆಂಟರ ಮನೆಯಲ್ಲಿ ಉಳಿದಿದ್ದಳು. ಒಂಟಿಯವರ ಕೋಣೆಗೆ ಮದುವೆಯ ಹಿಂದಿನ ರಾತ್ರಿಯೂ ಹೆಂಗಸು ಕಾಲಿಡುವಂತಿರಲಿಲ್ಲ. ಕಂಪನಿ ಕೊಟ್ಟ ಕಿತ್ತಳೆ ಬಣ್ಣದ ಜಾಕೆಟನ್ನು ಬಿಳಿ ಬಟ್ಟೆಯ ಮೇಲೆ ಕಟ್ಟಿಕೊಂಡು ದೋಣಿಯ ಮೂತಿಯಲ್ಲಿ ಕೂತಳು.

"ಹೇಗಿದೀನಿ?"

"ಮುಳುಗದ ಹಾಗಿದೀಯ."

ಕಪಿತಾರಿಯ ಮೇಲೆ ಬಂದಾಗ ಅವನು ಎಂಜಿನ್ ನಿಲ್ಲಿಸಿದ. ಬ್ರೆಜಿಲ್ ಕಾಯಿ ಮರದ ಬಿಳಿಚಿದ ತುದಿ ನೀರಿನ ಮೇಲಿತ್ತು. ಅವಳು ಬಗ್ಗಿ ನೀರಿಗೆ ಕೈ ಬಿಟ್ಟಳು. ಕೆಳಗೆ ಏನೂ ಕಾಣುತ್ತಿರಲಿಲ್ಲ, ಕಂದು ಕತ್ತಲೆ. ಆದರೂ ಇಬ್ಬರಿಗೂ ಗೊತ್ತಿತ್ತು, ಒಲೆ ಎಲ್ಲಿತ್ತು, ಮೆಟ್ಟಿಲು ಎಲ್ಲಿತ್ತು, ತೂಗುಮಂಚದ ಕೊಕ್ಕೆ ಯಾವ ಕಂಬದಲ್ಲಿತ್ತು ಎಂದು.

"ಇಲ್ಲೇ ನೀನು ನನ್ನ ಮೊದಲ ಸಲ ಬೈದಿದ್ದು," ಎಂದ.

"ಇಲ್ಲ, ಸ್ವಲ್ಪ ಮುಂದೆ. ಕೋಳಿಗೂಡಿನ ಹತ್ರ."

ಅವನು ಹುಟ್ಟಿನಿಂದ ದೋಣಿಯನ್ನು ಸ್ವಲ್ಪ ಮುಂದೆ ತಳ್ಳಿದ. "ಇಲ್ಲೇನಾ?"

"ಹ್ಞೂಂ. ಇಲ್ಲಿ," ಎಂದಳು.

ಮೇಲಿನ ಲಾಕ್‌ನಲ್ಲಿ ಏಳೆಂಟು ದೋಣಿಗಳು ಸಾಲಾಗಿ ಒಳಗೆ ಹೋದವು. ಹಿಂದೆ ಬಾಗಿಲು ಮುಚ್ಚಿತು. ಗೋಡೆಯ ಕೊಕ್ಕೆಗೆ ಹಗ್ಗ ಸುತ್ತಿ ತುದಿಯನ್ನು ಕೈಯಲ್ಲೇ ಹಿಡಿದಿರಬೇಕು. ಗಂಟು ಹಾಕಿದರೆ ನೀರು ಇಳಿದಾಗ ದೋಣಿ ಗೋಡೆಗೆ ನೇತು ಬೀಳುತ್ತದೆ. ಅವನು ಹಿಂದೆ, ಅವಳು ಮುಂದೆ. ನೀರು ಇಳಿಯತೊಡಗಿತು. ಪಾಚಿ ಹಿಡಿದ ಗೋಡೆ ಮೇಲೇರಿತು, ಆಕಾಶ ಕಿರಿದಾಯಿತು. ಮಾತುಗಳೆಲ್ಲ ಬಾವಿಯೊಳಗಿನ ಮಾತಿನಂತೆ ಕೇಳತೊಡಗಿದವು. ಎಲ್ಲರೂ ಸುಮ್ಮನಾದರು.

ಆಗ ಜುರಾಂದಿರ್‌ಗೆ ಕೇಳಿಸಿತು.

ಲಿಂಡಾಲ್ವಾ ಅವನಿಗೆ ಬೆನ್ನು ಹಾಕಿ ನಿಂತು ಹಗ್ಗ ಬಿಡುತ್ತಿದ್ದಳು. ತುಟಿಯೊಳಗೇ ಏನೋ ಹೇಳಿಕೊಳ್ಳುತ್ತಿದ್ದಳು. ಪ್ರಾರ್ಥನೆ ಇರಬೇಕೆಂದುಕೊಂಡ. ಗೋಡೆ ಆ ಪಿಸುಮಾತನ್ನು ಹಿಡಿದು ಅವನ ಕಡೆಗೇ ಕಳಿಸಿತು.

"ಇಂದಿನವರೆಗೆ ನಾನು ಒಂಟಿ... ಇಂದಿನವರೆಗೆ ನಾನು..."

ಪ್ರತಿ ಸಲ 'ಒಂಟಿ' ಎನ್ನುವ ಹತ್ತಿರ ಅವಳ ಗಂಟಲು ಕಟ್ಟುತ್ತಿತ್ತು. ಕೆಮ್ಮಿ, ಮತ್ತೆ ಮೊದಲಿನಿಂದ ಶುರು. ಅವನೆದುರು ತಡವರಿಸಬಾರದು, ಸಿಗಲಿರುವ ಮನೆ ತಪ್ಪಿಸಬಾರದು ಎಂದು, ಹೊಸದಾಗಿ ಶಾಲೆಗೆ ಸೇರಿದ ಮಗು ಪಾಠ ಉರುಹೊಡೆಯುವಂತೆ ಅಭ್ಯಾಸ ಮಾಡುತ್ತಿದ್ದಳು. ಅವಳಿಗೆ ಬರದ ಒಂದೇ ಒಂದು ಮಾತು ಅದು.

ಗಾಳಿಗೆ ಹೋಗುವ ಮಾತು ಎಂದು ತಾನೇ ಹೇಳಿದ್ದು ಅವನಿಗೆ ನೆನಪಾಯಿತು. ಮಾತು ಎಲ್ಲಿಗೂ ಹೋಗುತ್ತಿರಲಿಲ್ಲ. ಅವಳ ಗಂಟಲಲ್ಲೇ ನಿಂತಿತ್ತು, ಅವನೇ ಇಟ್ಟ ಮುಳ್ಳಿನಂತೆ.

"ಲಿಂಡಾ," ಎಂದ.

ಅವಳು ಬೆಚ್ಚಿ ತಿರುಗಿದಳು. "ಏನು? ಹಗ್ಗ ಸರಿ ಬಿಡ್ತಿಲ್ವಾ?"

"ಸರಿ ಬಿಡ್ತಿದೀಯ."

ಕಾಲುವೆಯುದ್ದಕ್ಕೂ ಅವನು ಅವಳ ಬೆನ್ನನ್ನೇ ನೋಡುತ್ತಾ ದೋಣಿ ನಡೆಸಿದ. ಅವಳು ತಿರುತಿರುಗಿ ನೋಡಿದಳು. "ಹೊಟ್ಟೆ ನೋವಾ? ಮದುಮಗನಿಗೆ ಭಯವಾ?" ಎಂದು ಕೇಳಿದಳು. ಅವನು ಚುಕ್ಕಾಣಿ ಬಿಟ್ಟು ಮುಂದೆ ಬಂದು, ಅವಳ ಜಾಕೆಟಿನ ಸಡಿಲವಾದ ಪಟ್ಟಿಯನ್ನು ಬಿಗಿ ಮಾಡಿ, ಅವಳ ಕೆನ್ನೆಗೆ ಅಂಟಿದ ಕೂದಲನ್ನು ಕಿವಿಯ ಹಿಂದೆ ಸಿಕ್ಕಿಸಿ, ಮತ್ತೆ ಹಿಂದೆ ಹೋದ. ಅಷ್ಟರಲ್ಲಿ ದೋಣಿ ದಂಡೆಯನ್ನು ಸವರಿತು. ಅವಳು ಬೈಯಲಿಲ್ಲ.

*

ಕೆಳಗಿನ ತೊಟ್ಟಿಯಲ್ಲಿ ನೀರು ಇಳಿದು ನಿಂತಿತು. ನಡುವೆ ಕಂಪನಿಯ ಬಿಳಿ ಲಾಂಚು. ಅದರಲ್ಲಿ ನ್ಯಾಯಾಧೀಶರು, ಕ್ಯಾಮೆರಾಗಳು, ಹೂವು, ಕೇಯ್ಲಾ. ದೋಣಿಗಳು ಒಂದೊಂದಾಗಿ ಲಾಂಚಿನ ಪಕ್ಕಕ್ಕೆ ಹೋಗಿ ನಿಲ್ಲುತ್ತಿದ್ದವು. ಮೈಕು ಕೈಯಿಂದ ಕೈಗೆ ಬರುತ್ತಿತ್ತು. ಇಂದಿನವರೆಗೆ ನಾನು ಒಂಟಿ, ಎಂದು ಮೊಮ್ಮಕ್ಕಳನ್ನು ಕಂಡ ಒಬ್ಬ ಮುದುಕ ಹೇಳಿದ. ಇಂದಿನವರೆಗೆ ನಾನು ಒಂಟಿ, ಎಂದಳು ಮಡಿಲಲ್ಲಿ ಕೂಸಿಟ್ಟುಕೊಂಡ ಒಬ್ಬಳು. ಕೂಸು ಮೈಕು ಹಿಡಿಯಲು ಕೈಚಾಚಿತು, ಕ್ಯಾಮೆರಾದವರು ನಕ್ಕರು.

ಕೊನೆಯದು ಜುರಾಂದಿರ್‌ನ ದೋಣಿ. ಕೇಯ್ಲಾ ಬಗ್ಗಿ ಮೈಕು ಕೊಟ್ಟಳು.

"ಜುರಾಂದಿರ್ ಅವರೇ, ಆ ಮಾತು ಹೇಳಿ."

ಅವನು ಮೈಕು ಹಿಡಿದು ನಿಂತ. ಲಿಂಡಾಲ್ವಾ ಪಕ್ಕದಲ್ಲಿ, ತನ್ನ ಸರದಿಗೆ ತುಟಿ ಒದ್ದೆ ಮಾಡಿಕೊಳ್ಳುತ್ತಿದ್ದಳು.

"ಮೇಡಂ, ನಾನು ಹೇಳೋದಿಲ್ಲ."

ಅವನ ಧ್ವನಿ ಗೋಡೆಗಳಿಗೆ ಬಡಿದು ಇನ್ನೊಮ್ಮೆ ಬಂತು.

"ಮರೆತುಹೋಯ್ತಾ? ನಾನು ಹೇಳ್ತೀನಿ, ನನ್ನ ಹಿಂದೆ ಹೇಳಿ, ಸಾಕು."

"ಮರೆತಿಲ್ಲ. ನಾನು ಯಾವತ್ತೂ ಒಂಟಿ ಆಗಿರ್ಲಿಲ್ಲ. ಇವಳು ನನ್ನ ಹೆಂಡತಿ. ಕಪಿತಾರಿ ಮುಳುಗಿದಾಗ್ಲೂ ಹೆಂಡತಿ. ನೀವು ಬರ್ಕೊಳ್ಳದೇ ಇದ್ದಾಗ್ಲೂ ಹೆಂಡತಿ. ಮದುವೆ ಮಾಡ್ಸೋದಾದ್ರೆ ಹಾಗಂತ ಬರೆದು ಮಾಡ್ಸಿ."

ಲಿಂಡಾಲ್ವಾ ಅವನ ತೋಳು ಹಿಡಿದಳು. "ಏ, ಮನೆ ಹೋಗುತ್ತೆ ಕಣೋ," ಎಂದಳು ಮೆಲ್ಲಗೆ. "ನಂಗೆ ಬರುತ್ತೆ, ನಾನು ಹೇಳ್ತೀನಿ. ನಿಜವಾಗ್ಲೂ ಬರುತ್ತೆ ಈಗ."

"ನಿನಗೆ ಬರಬಾರದು ಅದು. ಬರೋ ಹಾಗೆ ಮಾಡೋಕೆ ಹೊರಟಿದ್ನಲ್ಲ, ನಾನೆಂಥವನು."

ಅವಳು ಅವನನ್ನು ನೋಡಿದಳು. ಇಷ್ಟು ವರ್ಷ ಬಸ್ಸಿನ ಬಾಗಿಲಲ್ಲಿ, ಅಡುಗೆಮನೆಯ ಬಾಗಿಲಲ್ಲಿ ನೋಡಿದ ನೋಟವಲ್ಲ ಅದು. ಅಲ್ಲಿ ತಮಾಷೆ ಇರಲಿಲ್ಲ, ಬಿಂಕ ಇರಲಿಲ್ಲ. ಬಟ್ಟೆ ಬಿಚ್ಚಿಟ್ಟಂಥ ನೋಟ. ಆಮೇಲೆ ಅವನ ತೋಳಿನಿಂದ ಕೈ ಜಾರಿಸಿ, ಮೈಕು ಹಿಡಿಯದ ಅವನ ಇನ್ನೊಂದು ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದಳು.

ಕೇಯ್ಲಾ ಕ್ಯಾಮೆರಾದವರಿಗೆ ಕೈಸನ್ನೆ ಮಾಡಿದಳು. ಕ್ಯಾಮೆರಾಗಳು ಬೇರೆ ಕಡೆ ತಿರುಗಿದವು. ಒಬ್ಬ ಗಾರ್ಡು ಕೈಚಾಚಿ ಮೈಕು ಕಿತ್ತುಕೊಂಡ. ಮುಂದೆ ಕೆಳಬಾಗಿಲು ನಿಧಾನವಾಗಿ ತೆರೆಯಿತು; ಬೆಳಕು ಬಂತು, ಅದರಾಚೆ ಹೊಳೆ. ಸೋಯಾ ತುಂಬಲು ಮೇಲಕ್ಕೆ ಹೋಗಬೇಕಾದ ಬಾರ್ಜೊಂದು ಹೊರಗೆ ಕಾದು ಹಾರನ್ ಹೊಡೆಯಿತು. ಮದುವೆಯಾದವರ ದೋಣಿಗಳು ಒಂದೊಂದಾಗಿ ಹೊರಗೆ ಹೋದವು. ಕೂಸಿನ ತಾಯಿ ಮಾತ್ರ ಹೋಗುತ್ತಾ ಹೋಗುತ್ತಾ ಹಿಂದೆ ತಿರುಗಿ ನೋಡುತ್ತಿದ್ದಳು. ಲಾಂಚೂ ಹೋಯಿತು.

ಮೇಲಿನ ಗೋಪುರದ ಸ್ಪೀಕರ್ ಕಿರುಗುಟ್ಟಿತು.

"ಕೊನೆಯ ದೋಣಿ, ಜಾಗ ಖಾಲಿ ಮಾಡಿ. ಬಾರ್ಜ್ ಒಳಗೆ ಬರಬೇಕು."

ಜುರಾಂದಿರ್ ಗೋಡೆಯ ಕೊಕ್ಕೆಗೆ ಹಗ್ಗ ಸುತ್ತಿ, ಈ ಸಲ ಗಂಟು ಹಾಕಿದ. ಲಿಂಡಾಲ್ವಾ ಮೂತಿಯ ಕಡೆಗೆ ಹೋಗಿ ಇನ್ನೊಂದು ಹಗ್ಗಕ್ಕೂ ಗಂಟು ಹಾಕಿ ಬಂದಳು. ಕಿತ್ತಳೆ ಜಾಕೆಟು ಬಿಚ್ಚಿ ಹಲಗೆಯ ಮೇಲೆ ಹಾಸಿ, ಅವನಿಗೂ ಜಾಗ ಬಿಟ್ಟು ಕೂತಳು.

"ಕೇಳಿಸ್ತಿಲ್ವಾ? ಎಂಜಿನ್ ಸ್ಟಾರ್ಟ್ ಮಾಡಿ, ಹೊರಗೆ ಹೋಗಿ."

"ಕೇಳಿಸ್ತಿದೆ," ಎಂದು ಜುರಾಂದಿರ್ ಮೇಲೆ ನೋಡಿ ಕೂಗಿ ಹೇಳಿದ. "ಗಂಡ ಹೆಂಡತಿ ಅಂತ ಬರ್ಕೊಳ್ಳೋವರೆಗೆ ನಾವು ಹೋಗೋದಿಲ್ಲ."