ಎಚ್ ಕ್ರಾಸ್ ದಾಟಿದ ಬಸ್ಸು

“ರ‍್ಯಾಮ್ ಸಾವಿರದ ಇನ್ನೂರು. ಗ್ರಾಫಿಕ್ಸ್ ಕಾರ್ಡ್ ಮೂರು ಸಾವಿರ, ಅದೂ ಸೆಕೆಂಡ್ ಹ್ಯಾಂಡು. ಪವರ್ ಸಪ್ಲೈ ಏಳ್ನೂರು. ನಾಕು ಸಾವಿರದ ಒಂಬೈನೂರಕ್ಕೆ ಇದನ್ನೇ ಎಬ್ಬಿಸಿ ನಿಲ್ಲಿಸ್ಬೋದು ಮೇಡಂ. ಹೊಸದು ಅಂದ್ರೆ ಇಪ್ಪತ್ಮೂರು ಸಾವಿರ.”

ಲೆಕ್ಕ ಹೇಳಿ ವೇಣು ಬಿಚ್ಚಿಟ್ಟ ಸಿಪಿಯು ಕಡೆ ನೋಡಿದ. ಆಮೇಲೆ ಸಂಘಮಿತ್ರಳ ಕಡೆ ನೋಡಿದ, ಸಿಪಿಯು ನೋಡಿದ್ದಕ್ಕಿಂತ ತುಸು ಹೆಚ್ಚು ಹೊತ್ತು.

ಅದು 2008ರ ಬೇಸಿಗೆ. ಚಿಂತಾಮಣಿಯ ತರಕಾರಿ ಮಾರ್ಕೆಟ್ಟಿನ ಹಿಂದಿನ ಆ ಸಣ್ಣ ರಿಪೇರಿ ಅಂಗಡಿಗೆ ಅವಳು ಹಿಂದಿನ ದಸರಾದಿಂದ ಬರುತ್ತಿದ್ದಳು. ಸಿಪಿಯುವನ್ನು ಹಳೇ ದುಪ್ಪಟಿಯಲ್ಲಿ ಸುತ್ತಿ, ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಬರುವಳು. ವೇಣು ಎದ್ದು ಬಂದು ಇಳಿಸಿಕೊಳ್ಳುವನು. “ಏನ್ ಮೇಡಂ, ಮಗೂಗೆ ಮತ್ತೆ ಜ್ವರಾನಾ?” ಎನ್ನುವನು.

“ನೀವು ಕೊಟ್ಟ ಔಷಧಿ ನಾಟ್ಲಿಲ್ಲ ಡಾಕ್ಟ್ರೇ.”

“ಔಷಧಿ ಸರಿಯಾಗೇ ಇತ್ತು. ಮಗೂಗೆ ಇಲ್ಲಿಗೆ ಬರೋ ಚಟ.”

ಅವಳು ನಗು ತಡೆಯಲು ಕೆಳತುಟಿ ಕಚ್ಚಿಕೊಳ್ಳುವಳು. ಅವನು ಸ್ಕ್ರೂಗಳನ್ನು ಟೀ ಸಾಸರಿನಲ್ಲಿ ಹಾಕುತ್ತ, ಕಣ್ಣು ಮಾತ್ರ ಮೇಲೆತ್ತಿ ಆ ತುಟಿ ನೋಡುವನು. ಅಷ್ಟೇ. ಮಾರ್ಕೆಟ್ಟಿನ ನಡುವೆ, ಎದುರಿಗೇ ಈರುಳ್ಳಿ ಮಂಡಿ ಇರುವಾಗ, ಸ್ಕೂಲ್ ಟೀಚರ್ ಒಬ್ಬಳು ಕೆಲಸವಿಲ್ಲದೆ ಒಂದು ಅಂಗಡಿಯಲ್ಲಿ ಕೂರುವಂತಿರಲಿಲ್ಲ. ಕೆಟ್ಟ ಕಂಪ್ಯೂಟರ್ ಇದ್ದರೆ ಕೂರಬಹುದಿತ್ತು.

ಆ ಕಂಪ್ಯೂಟರನ್ನು ಅವಳ ತಮ್ಮ ಮಧುಸೂದನ್ ಗೇಮ್ ಆಡಲೆಂದೇ ಹಠ ಹಿಡಿದು ಕೊಡಿಸಿಕೊಂಡಿದ್ದ. ಅವನು ಕೆಲಸ ಸಿಕ್ಕಿ ಹುಬ್ಬಳ್ಳಿಗೆ ಹೋದ ಮೇಲೆ ಅದು ಧೂಳು ಹಿಡಿದು ಕೂತಿತ್ತು. ಅಷ್ಟರಲ್ಲಿ ಅಪ್ಪ ನರಸಿಂಹಪ್ಪನಿಗೆ ಲಕ್ವ ಹೊಡೆಯಿತು. ಚಿಂತಾಮಣಿಯಿಂದ ಹೊಸಕೋಟೆಗೆ ಜೀವಮಾನವಿಡೀ ಬಸ್ ಓಡಿಸಿದ ಮನುಷ್ಯನ ಬಲಗೈ ಮಡಿಲಲ್ಲಿ ಬಿದ್ದುಕೊಂಡಿತು. ಬೆರಳಿಗೆ ಕೆಲಸ ಕೊಡಿ ಎಂದು ಡಾಕ್ಟರು ರಬ್ಬರ್ ಚೆಂಡು ಕೊಟ್ಟರು. ಅಪ್ಪ ಅದನ್ನು ಮುಟ್ಟಲಿಲ್ಲ. ಒಂದು ದಿನ ಸಂಘಮಿತ್ರ ಸುಮ್ಮನೆ ಕಾರ್ ರೇಸಿನ ಗೇಮ್ ಹಾಕಿ, ಅಪ್ಪನ ಬಲಗೈ ಎತ್ತಿ ಬಾಣದ ಗುರುತಿನ ಕೀಗಳ ಮೇಲಿಟ್ಟಳು.

ಪರದೆಯ ಮೇಲೆ ಯಾವ ದೇಶದ ರಸ್ತೆಯೋ. ಅಪ್ಪನಿಗೆ ಅದು ಹೊಸಕೋಟೆ ರೋಡೇ. “ಕೈವಾರ ಕ್ರಾಸ್... ಯಾರ್ ಇಳೀತೀರಾ?” ಎಂದು ತೊದಲುತ್ತಲೇ ಕೂಗುವರು. ಅಮ್ಮ ಗಂಗುಲಮ್ಮ ಒಲೆ ಮುಂದಿನಿಂದಲೇ, “ನಾನಿಲ್ಲೇ ಇರ್ತೀನಿ, ರೈಟ್ ಹೋಗಿ!” ಎನ್ನುವಳು. ಆದರೆ ಹಳೇ ಮೆಷಿನ್ನು ಮುಂದಿನ ಸ್ಟಾಪು ಎಚ್ ಕ್ರಾಸ್ ದಾಟುತ್ತಿರಲಿಲ್ಲ. ಅಷ್ಟು ಹೊತ್ತಿಗೆ ಬಿಸಿಯಾಗಿ, ಪರದೆ ಗಕ್ಕನೆ ನಿಲ್ಲುತ್ತಿತ್ತು. ಮತ್ತೆ ದುಪ್ಪಟಿ, ಮತ್ತೆ ಆಟೋ, ಮತ್ತೆ ವೇಣು.

ಆ ದಿನ ಲೆಕ್ಕ ಹೇಳಿದ ಮೇಲೆ ವೇಣು ಸ್ಕ್ರೂಡ್ರೈವರ್ ಕೆಳಗಿಟ್ಟ.

“ಹಳೇದನ್ನೇ ಇಟ್ಕೊಂಡ್ರೆ ಹಿಂಗೇ ಆಗಾಗ ಬರ್ಬೇಕಾಗುತ್ತೆ. ಹೊಸದು ತಗೊಂಡ್ರೆ ನೀವು ಈ ಕಡೆ ತಲೆ ಹಾಕೋ ಹಂಗೇ ಇಲ್ಲ.”

“ನೀವೇನ್ ಹೇಳ್ತೀರಾ?”

ಹಳೇದೇ ಇರಲಿ ಅನ್ನಲಿ ಎಂದು ಅವಳು ಕಾದಳು. ಆಗಾಗ ಬನ್ನಿ ಅನ್ನಲಿ.

ವೇಣು ಸಿಪಿಯುವಿನ ಫ್ಯಾನನ್ನು ಬೆರಳಿನಿಂದ ಒಂದು ಸುತ್ತು ತಿರುಗಿಸಿದ. ಆಮೇಲೆ ಕೇಳಿದ, “ಗೇಮ್ ನಿಂತೋದಾಗ ಅಪ್ಪಾವ್ರು ಏನ್ ಮಾಡ್ತಾರೆ?”

“ಕೈ ನೋಡ್ಕೋತಾರೆ.”

“ಮೆಷಿನ್ ನಿಂತಿದ್ದು ಅಂತ ಗೊತ್ತಾಗಲ್ವಾ?”

“ಹೇಳ್ತೀನಿ. ನಂಬಲ್ಲ. ತನ್ನ ಕೈನೇ ಮತ್ತೆ ನಿಂತೋಯ್ತು ಅನ್ಕೋತಾರೆ. ಮಾರ್ನೇ ದಿನ ಅದ್ರ ಮುಂದೆ ಕೂರಲ್ಲ.” ಹೇಳುತ್ತಿದ್ದಂತೆ ಅವಳ ದನಿ ಇಳಿಯಿತು. ಇಷ್ಟು ತಿಂಗಳು ಈ ಮಾತನ್ನು ತನಗೇ ಹೇಳಿಕೊಳ್ಳದೆ ಇದ್ದಳು.

“ಹಂಗಾದ್ರೆ ಹೊಸದೇ ತಗೊಳ್ಳಿ,” ಎಂದ ವೇಣು.

“ಹೂಂ. ಹೊಸದೇ ಮಾಡಿ,” ಎಂದಳು.

ಅವನು ತಲೆಯಾಡಿಸಿದ. ಅವನ ಮುಖದ ಮೇಲೆ ಏನೋ ಒಂದು ಬಂದು ಹೋಯಿತು. ವ್ಯಾಪಾರ ಕುದುರಿದ ಸಂತೋಷ ಅಂದುಕೊಂಡಳು.

ವೇಣು ಹೊಸ ಕಂಪ್ಯೂಟರ್ ತಂದಿದ್ದು ಎರಡು ವಾರ ಕಳೆದ ಮೇಲೆ. ಅಪ್ಪ ಗೋಡೆಯ ಬುದ್ಧನ ಪಟದ ಕೆಳಗೆ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಡ್ಯೂಟಿಗೆ ಹೊರಟವರ ಹಾಗೆ ಕೂತಿದ್ದರು. “ಬಾ ನಾಯ್ನಾ, ಕೂತ್ಕೋ,” ಎಂದು ಮಗನಿಗೆ ಅನ್ನುವ ಹಾಗೆ ಅಂದು ಅಮ್ಮ ಟೀ ಕೊಟ್ಟಳು. ವೇಣು ವೈರುಗಳನ್ನು ಒಂದೊಂದಾಗಿ ನೇರ ಮಾಡಿ ಕಟ್ಟಿದ. ಒಳಗೆ ಬಿಸಿಯಾಗದಿರಲೆಂದು, ಒಂದು ಫ್ಯಾನ್ ಸಾಕಿದ್ದ ಕಡೆ ಎರಡು ಹಾಕಿದ್ದ.

ಗೇಮ್ ಶುರುವಾಯಿತು. ಕೈವಾರ ಕ್ರಾಸ್ ಬಂತು. ಎಚ್ ಕ್ರಾಸ್ ಬಂತು. ಯಾರೂ ಉಸಿರಾಡಲಿಲ್ಲ. ಗಾಡಿ ನಿಲ್ಲಲಿಲ್ಲ.

“ನಂದಗುಡಿ!” ಎಂದು ಅಪ್ಪ ಕೂಗಿದರು. “ಮಿತ್ರಮ್ಮ, ನಂದಗುಡಿ ಬಂತಮ್ಮಾ!”

ಗಂಗುಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಿತ್ರ ವೇಣುವಿನ ಕಡೆ ನೋಡಿದಳು. ಇವತ್ತು ಹೇಳಿಬಿಡಬೇಕು ಅನ್ನಿಸಿತು. ಕಳಿಸಿಕೊಡಲು ಗೇಟಿನವರೆಗೂ ಹೋದಳು.

“ಒಂದ್ ಮಾತು ವೇಣು ಅವ್ರೇ. ಕೆಡ್ದೇ ಇದ್ರೂ ಅಂಗಡಿ ಕಡೆ ಬರ್ಬೋದಾ?”

ಅವನು ಗೇಟಿನ ಚಿಲಕ ಹಿಡಿದು ನಿಂತುಬಿಟ್ಟ.

“ಇದನ್ನ ಆವತ್ತು ಕೇಳಿದ್ದಿದ್ರೆ...”

“ಯಾವತ್ತು?”

“ಲೆಕ್ಕ ಹೇಳಿದ್ ದಿನ. ಶಿಡ್ಲಘಟ್ಟದಲ್ಲಿ ಅಮ್ಮ ಹೆಣ್ಣು ನೋಡಿಟ್ಟು, ಹೂಂ ಅನ್ನು ಅಂತ ಪ್ರಾಣ ತಿಂತಿದ್ರು. ನೀವು ಹಳೇದೇ ಇರ್ಲಿ ಅಂದಿದ್ರೆ, ನನಗೋಸ್ಕರ ಅಂತ ತಿಳ್ಕೊಂಡು ಆವತ್ತೇ ಬಾಯಿ ಬಿಡ್ತಿದ್ದೆ. ನೀವು ಹೊಸದೇ ಮಾಡಿ ಅಂದ್ಬಿಟ್ರಿ.”

“ನೀವೇ ಅಲ್ವಾ ತಗೊಳ್ಳಿ ಅಂದಿದ್ದು?”

“ಅಪ್ಪಾವ್ರ ಕೈ ವಿಷಯದಲ್ಲಿ ಸುಳ್ಳು ಹೇಳೋಕಾಗುತ್ತಾ ಮಿತ್ರ?”

ಮೊದಲ ಸಲ ಅವನು ಮೇಡಂ ಅನ್ನಲಿಲ್ಲ.

“ಈಗ?” ಎಂದು ಕೇಳಿದಳು.

“ಹೋದ ಭಾನುವಾರ ತಾಂಬೂಲ ಬದಲಾಯಿಸಿದ್ರು. ಆ ಹುಡುಗೀದೇನ್ ತಪ್ಪು? ಅವ್ಳು ಆಗ್ಲೇ ನಮ್ಮಮ್ಮನ್ನ ಅತ್ತೆ ಅಂತ ಕರೀತಾಳೆ. ಅಂಗಡೀನೂ ಶಿಡ್ಲಘಟ್ಟಕ್ಕೇ ಸಾಗಿಸ್ತಿದೀನಿ.”

ಒಳಗೆ ಅಪ್ಪ ಹಾರ್ನ್ ಒತ್ತುತ್ತಿದ್ದರು. ಮಿತ್ರ ಕೆಳತುಟಿ ಕಚ್ಚಿಕೊಂಡಳು. ಈ ಸಲ ಅದು ನಗುವಿಗಲ್ಲ. ವೇಣು ಅದನ್ನೂ ನೋಡಿದ.

“ಇದು ಕೆಟ್ರೆ ಫೋನ್ ಮಾಡ್ಲಾ?”

“ಮಾಡಿ. ಎಲ್ಲಿದ್ರೂ ಬರ್ತೀನಿ.”

“ಕೆಡೋ ಹಂಗೆ ಮಾಡಿದೀರಾ?”

“ಇಲ್ಲ,” ಎಂದ. ಅವನ ಕಣ್ಣು ತುಂಬಿತ್ತು. “ಕೆಡ್ದೇ ಇರೋ ಹಂಗೆ ಮಾಡಿದೀನಿ.”

ಮಳೆಗಾಲದ ಹೊತ್ತಿಗೆ ಮಾರ್ಕೆಟ್ಟಿನ ಹಿಂದಿನ ಆ ಅಂಗಡಿಯಲ್ಲಿ ಯಾರೋ ಬಳೆ ವ್ಯಾಪಾರ ಇಟ್ಟರು. ಒಂದು ಸಂಜೆ ಮಿತ್ರ ಸ್ಕ್ರೂಡ್ರೈವರ್ ತೆಗೆದುಕೊಂಡು ಹೊಸ ಸಿಪಿಯುವಿನ ಪಕ್ಕ ಕೂತಳು. ಒಳಗೊಂದು ವೈರು ಸಡಿಲ ಮಾಡಿದರೆ ಸಾಕಿತ್ತು. ಒಂದು ಸ್ಕ್ರೂ ಅರ್ಧ ತಿರುಗಿಸಿಯೂ ಆಗಿತ್ತು.

“ಮಿತ್ರಮ್ಮ, ಏನಮ್ಮಾ ಅದು? ಗಾಡಿ ಟೈಮಾಯ್ತು,” ಎಂದು ಅಪ್ಪ ಬಂದು ನಿಂತರು.

“ಏನಿಲ್ಲಪ್ಪ. ಸಡಿಲ ಆಗಿತ್ತು,” ಎಂದು ಅವಳು ಸ್ಕ್ರೂ ಬಿಗಿ ಮಾಡಿದಳು.

ಆ ಕಂಪ್ಯೂಟರ್ ಒಂದು ದಿನವೂ ಕೆಡಲಿಲ್ಲ. ಅಪ್ಪ ಈಗ ತಮ್ಮ ಅಂಗಿಯ ಗುಂಡಿಯನ್ನು ಬಲಗೈಯಲ್ಲೇ ಹಾಕಿಕೊಳ್ಳುತ್ತಾರೆ. ಮಿತ್ರ ವೇಣುವನ್ನು ಮತ್ತೆ ನೋಡಲಿಲ್ಲ.