ನಾಲ್ಕನೆಯ ವಯರು ಕಿತ್ತ ಮೇಲೆ

ಧನುರ್ಮಾಸದ ಆ ಬೆಳಗ್ಗೆ ಲಾಯಿಲದಲ್ಲಿ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಧರ್ಣಪ್ಪನ ಗ್ಯಾರೇಜಿನ ಇಳಿಜಾರಿನ ಕೆಳಗಿದ್ದ ಹೊಳೆ ಕಾಣುತ್ತಿರಲಿಲ್ಲ, ಬರೀ ಕೇಳುತ್ತಿತ್ತು. ಆ ಮಂಜಿನೊಳಗಿಂದ ನೋಣಯ್ಯ ಮಾಸ್ತರರ ಹಳೆಯ ಕಾರು ಟಪ್, ಟಪ್ ಎಂದು ಸದ್ದು ಮಾಡುತ್ತ ಬಂದು ನಿಂತಿತು.

"ಬರೀ ಕಿವಿಯಿಟ್ಟು ಕೇಳಿದರೆ ಸಾಲದು ಧರ್ಣಪ್ಪ, ಬಿಚ್ಚಿ ನೋಡು," ಎಂದರು ಮಾಸ್ತರರು ಇಳಿಯುತ್ತ. "ಇದು ಬೆಳುವಾಯಿಯ ಹುಕ್ರಪ್ಪನ ಬಾಡಿಗೆ ಕಾರು. ಅವನು ಸತ್ತಾಗ ಘಾಟಿಯಲ್ಲಿ ಬಿದ್ದದ್ದನ್ನು ತೆಗೆದುಕೊಂಡು ಬಣ್ಣ, ಬ್ರೇಕು ಎಲ್ಲ ಹೊಸತು ಮಾಡಿಸಿದೆ. ಸದ್ದು ಮಾತ್ರ ಹೋಗುವುದಿಲ್ಲ. ಅವನ ಅಮ್ಮ ಸೇಸಮ್ಮ ಇದಕ್ಕೆ ಮಾಟ ಮಾಡಿಸಿದ್ದಾರಂತೆ. ತಪ್ಪು ಮಾಡಿದವನು ಸಿಗುವವರೆಗೆ ಮಗನ ಬೊಜ್ಜ ಮಾಡುವುದಿಲ್ಲ ಅಂತ ಕೂತಿದ್ದಾರೆ."

ಬೊಜ್ಜ ಎಂಬ ಉತ್ತರಕ್ರಿಯೆ ಆಗದ ಸತ್ತವನು ಉಣ್ಣದೆ ಅಲೆಯುತ್ತಾನೆ. ಅದು ಧರ್ಣಪ್ಪನಿಗೂ ಗೊತ್ತು. ಆದರೂ ನಕ್ಕ.

"ಮಾಟ ಅಲ್ಲ ಮಾಸ್ತರರೇ, ವಾಲ್ವು. ಸತ್ತವನ ಕುಲೆಗೆ ಇಂಜಿನ್ ಕೆಲಸ ಗೊತ್ತುಂಟಾ?"

ಎರಡು ವರ್ಷದ ಹಿಂದೆ, ಗ್ಯಾರೇಜು ಮೂಡುಬಿದಿರೆಯಲ್ಲಿದ್ದಾಗ, ಹುಕ್ರಪ್ಪ ಇದೇ ಕಾರಿಗೆಂದು ಹೊಸ ಬ್ರೇಕ್ ವಾಷರ್, ಆಯಿಲ್ ಸೋರದಂತೆ ತಡೆಯುವ ರಬ್ಬರಿನ ಬಳೆ, ತಂದುಕೊಟ್ಟಿದ್ದ. ಧರ್ಣಪ್ಪ ಹಳತನ್ನೇ ಬ್ರೇಕ್ ಆಯಿಲಿನಲ್ಲಿ ತೊಳೆದು ಹಾಕಿದ. ಇನ್ನೊಂದು ತಿಂಗಳು ಧಾರಾಳ ಬಂದೀತು ಅನ್ನಿಸಿತ್ತು. ಹೊಸತನ್ನು ಬೇರೆ ಕಾರಿಗೆಂದು ತೆಗೆದಿಟ್ಟ. "ಹೊಸತು ಹಾಕಿದ್ದೇನೆ ಅಣ್ಣ, ಧೈರ್ಯದಲ್ಲಿ ಹೋಗು," ಅಂದಿದ್ದ. ಘಾಟಿಯಲ್ಲಿ ಬ್ರೇಕು ಹಿಡಿಯಲಿಲ್ಲ, ಹುಕ್ರಪ್ಪ ಮರಳಲಿಲ್ಲ. ತೆಗೆದಿಟ್ಟ ಆ ಹೊಸ ವಾಷರನ್ನು ಯಾವ ಕಾರಿಗೂ ಹಾಕಲು ಧರ್ಣಪ್ಪನ ಕೈ ಏಳಲಿಲ್ಲ.

ಮಾಸ್ತರರು ಕಾರು ಬಿಟ್ಟು ಹೋದ ಮೇಲೆ ಧರ್ಣಪ್ಪ ಬಾನೆಟ್ ಎತ್ತಿ, ಕೋಲಿನ ಒಂದು ತುದಿಯನ್ನು ಓಡುತ್ತಿದ್ದ ಇಂಜಿನ್ನಿಗೆ, ಇನ್ನೊಂದನ್ನು ಕಿವಿಗೆ ಇಟ್ಟ. ಟಪ್. ಟಪ್. ಸದ್ದು ಯಾವ ಸಿಲಿಂಡರಿನದೆಂದು ತಿಳಿಯಲು ಪ್ಲಗ್ಗಿನ ವಯರುಗಳನ್ನು ಒಂದೊಂದಾಗಿ ಕಿತ್ತ. ಒಂದು. ಎರಡು. ಮೂರು. ಸದ್ದು ಬದಲಾಗಲಿಲ್ಲ. ನಾಲ್ಕನೆಯದನ್ನು ಕಿತ್ತಾಗ ಇಂಜಿನ್ ಸತ್ತಿತು.

ಟಪ್. ಟಪ್. ಟಪ್.

ಸುಟ್ಟ ರಬ್ಬರಿನ ವಾಸನೆ ಬಂತು. ಧರ್ಣಪ್ಪ ಕಾರಿನ ಬಾಗಿಲಿನಿಂದ ಇಣುಕಿದ. ಖಾಲಿ ಸೀಟು. ಕೆಳಗೆ ಬ್ರೇಕ್ ಪೆಡಲು ತಾನಾಗಿ ಇಳಿಯುತ್ತಿತ್ತು, ಏಳುತ್ತಿತ್ತು. ಯಾರೋ ಜೀವ ಬಿಟ್ಟು ಒತ್ತುತ್ತಿರುವ ಹಾಗೆ.

ಅದನ್ನು ನಿಲ್ಲಿಸಬೇಕೆಂದು ಒಳಗೆ ಕೂತು ಪೆಡಲಿನ ಮೇಲೆ ಕಾಲಿಟ್ಟ. ಬಾಗಿಲು ಮುಚ್ಚಿಕೊಂಡಿತು. ಚಕ್ರ ಹೊರಳಿತು. ಕಾರು ಇಳಿಜಾರಿಗೆ ಜಾರಿತು. ಒತ್ತಿದ. ಪೆಡಲು ತಳಕ್ಕೆ ಹೋಯಿತು. ಮತ್ತೆ ಒತ್ತಿದ. ಏನೂ ಇಲ್ಲ. ಮಂಜು. ಹೊಳೆಯ ಸದ್ದು ಹತ್ತಿರ. ಇನ್ನೂ ಹತ್ತಿರ. ಅವನ ಪಾದದ ಕೆಳಗೆ ಇನ್ನೊಂದು ಪಾದವಿತ್ತು. ಬರಿಯ ಪಾದ. ತಣ್ಣಗಿತ್ತು.

"ಹೊಸತು ನನ್ನ ಹತ್ತಿರವೇ ಉಂಟು ಅಣ್ಣ," ಎಂದ ಧರ್ಣಪ್ಪ. "ನಾನು ಹಾಕಲಿಲ್ಲ."

ಪೆಡಲು ಗಟ್ಟಿಯಾಯಿತು. ಕಾರು ದಂಡೆಯ ಅಂಚಿನಲ್ಲಿ ನಿಂತಿತು.

ಮಧ್ಯಾಹ್ನದ ಬಸ್ಸಿನಲ್ಲಿ ಅವನು ಬೆಳುವಾಯಿಗೆ ಹೋದ. ಸೇಸಮ್ಮ ಅಂಗಳದಲ್ಲಿ ಭತ್ತ ಹರಡುತ್ತಿದ್ದರು. ತಲೆ ಎತ್ತಲಿಲ್ಲ.

"ಕಾರು ನಿಂತಿತಾ?" ಎಂದು ಕೇಳಿದರು.

"ನಿಂತಿತು ಅಮ್ಮ."

"ನನ್ನ ಮಗನಿಗೆ ನಿಲ್ಲಲಿಲ್ಲ." ಭತ್ತದ ಧೂಳು ಕೊಡವಿ ಎದ್ದರು. "ಬೊಜ್ಜಕ್ಕೆ ದಿನ ನೋಡಿಸ್ತೇನೆ. ಅವನ ಎಲೆಗೆ ನೀನೇ ಬಡಿಸಬೇಕು. ಪ್ರತಿ ವರ್ಷ, ನೀನು ಇರುವವರೆಗೆ."

ಧರ್ಣಪ್ಪ ಮುಷ್ಟಿ ಬಿಚ್ಚಿ, ಕಾಗದದ ಸುತ್ತು ಸಹ ಬಿಡಿಸದ ಆ ಚಿಕ್ಕ ರಬ್ಬರ್ ವಾಷರನ್ನು ಅವರ ಅಂಗೈಯಲ್ಲಿಟ್ಟ.